ಐದು ರೂಪಾಯಿಯ ಸುದ್ದಿ

ಬಾಗಿಲು ತೆರೆದದ್ದೇ ತಡ, ಬೆಂಚಿನ ಮೇಲೆ ಕುಳಿತಿದ್ದ ಐದು ಜನರೂ ಎದ್ದು ನಿಂತರು.

ದುಗ್ಗಮ್ಮ ಬಿಳಿ ಬಟ್ಟೆಯ ಗಂಟೊಂದನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಬಂದವಳು ಸುಮ್ಮನೆ ಹೇಳಿಬಿಡುತ್ತಾಳೆಯೇ? ಒಮ್ಮೆ ಎಡಕ್ಕೆ ನೋಡಿದಳು, ಒಮ್ಮೆ ಬಲಕ್ಕೆ ನೋಡಿದಳು, ಸೆರಗು ಸರಿಮಾಡಿಕೊಂಡಳು. ಐದು ಜನರ ಹತ್ತು ಕಣ್ಣುಗಳೂ ಅವಳ ಬಾಯಿಯ ಮೇಲೆಯೇ ಇದ್ದವು.

“ಗಂಡು” ಎಂದಳು ದುಗ್ಗಮ್ಮ.

ಆಮೇಲೆ ಆ ಮುಖಗಳನ್ನು ನೋಡಬೇಕಿತ್ತು. ಅಷ್ಟು ಹೊತ್ತು ಬಾಡಿ ಹೋಗಿದ್ದವರೆಲ್ಲ ನಗತೊಡಗಿದರು. ಒಬ್ಬ ಅಜ್ಜ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಇನ್ನೊಬ್ಬರು ಸೊಂಟದ ಚೀಲಕ್ಕೆ ಕೈಹಾಕಿ, ಐದು ರೂಪಾಯಿಯ ನೋಟು ತೆಗೆದು ದುಗ್ಗಮ್ಮನ ಕೈಯಲ್ಲಿಟ್ಟರು. ದುಗ್ಗಮ್ಮ ಅದನ್ನು ಹಣೆಗೆ ಮುಟ್ಟಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ವರಾಂಡದ ಆಚೆ ತುದಿಯಲ್ಲಿ, ನೀರಿನ ಹಂಡೆಯ ಪಕ್ಕದಲ್ಲಿ ಕುಳಿತು ಶೀಲಾವತಿ ಇದನ್ನೆಲ್ಲ ನೋಡುತ್ತಿದ್ದಳು. ತೊಡೆಯ ಮೇಲೆ ಲೆಕ್ಕದ ಪುಸ್ತಕ ತೆರೆದಿತ್ತು. ಆದರೆ ಲೆಕ್ಕ ಮಾಡುವವರು ಯಾರು?

ಪುತ್ತೂರು ಪೇಟೆಯ ಆ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರಮ್ಮ, ಇಬ್ಬರು ಆಯಾಗಳು. ಒಬ್ಬಳು ದುಗ್ಗಮ್ಮ, ಇನ್ನೊಬ್ಬಳು ಶೀಲಾವತಿಯ ಅಮ್ಮ ಪೂವಮ್ಮ. ಹುಟ್ಟಿದ ಮಗುವನ್ನು ಮೀಯಿಸಿ, ಬಟ್ಟೆ ಸುತ್ತಿ, ಹೊರಗೆ ತಂದು ಮನೆಯವರಿಗೆ ತೋರಿಸುವ ಆಯಾಗೆ ಇನಾಮು ಕೊಡಬೇಕು ಎಂದು ಒಂದು ಕ್ರಮ. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೂ ಎಲ್ಲರಿಗೂ ಗೊತ್ತು. ಗಂಡಾದರೆ ಐದು ರೂಪಾಯಿ. ಹೆಣ್ಣಾದರೆ ಎಂಟಾಣೆ. ನಯಾಪೈಸೆ ಬಂದು ನಾಲ್ಕು ವರ್ಷವಾದರೂ ಇನಾಮು ಮಾತ್ರ ಆಣೆಯಲ್ಲೇ ಇತ್ತು. ಕೆಲವರು ಹೆಣ್ಣಿಗೆ ಅದನ್ನೂ ಕೊಡುವುದಿಲ್ಲ. “ಮತ್ತೆ ನೋಡುವ” ಎಂದು ಮುಖ ತಿರುಗಿಸುತ್ತಾರೆ.

“ಡಾಕ್ಟರಮ್ಮ, ಸಂಬಳ ಸ್ವಲ್ಪ ಜಾಸ್ತಿ ಮಾಡಿದ್ರೆ ಒಳ್ಳೇದಿತ್ತು” ಎಂದು ದುಗ್ಗಮ್ಮ ಒಮ್ಮೆ ಕೇಳಿದ್ದಳು.

“ನಿಮಗೆ ಇನಾಮು ಬರ್ತದಲ್ಲ” ಎಂದಿದ್ದರು ಡಾಕ್ಟರಮ್ಮ.

“ಹುಟ್ಟುವ ಮಕ್ಕಳು ನಮ್ಮನ್ನು ಕೇಳಿ ಹುಟ್ತಾವಾ?” ಎಂದು ದುಗ್ಗಮ್ಮ ಗೊಣಗಿದ್ದು ಬಾಗಿಲು ದಾಟಿದ ಮೇಲೆ. ಅವಳ ಬಾಯಿ ಜೋರು ನಿಜ, ಆದರೆ ಡಾಕ್ಟರಮ್ಮನ ಎದುರು ಅಷ್ಟು ಜೋರಲ್ಲ.

ಇಬ್ಬರೂ ಪಾಳಿಯ ಹಾಗೆ ಮಗು ತರುತ್ತಿದ್ದರು. ಒಂದು ದುಗ್ಗಮ್ಮನದು, ಇನ್ನೊಂದು ಪೂವಮ್ಮನದು. ಆ ತಿಂಗಳು ಅಮ್ಮನ ಪಾಳಿಗೆ ಬಂದದ್ದೆಲ್ಲ ಹೆಣ್ಣೇ. ಅಮ್ಮ ಅದಕ್ಕೆ ಏನೂ ಹೇಳುತ್ತಿರಲಿಲ್ಲ. ಅಮ್ಮ ಯಾವುದಕ್ಕೂ ಹೆಚ್ಚು ಮಾತಾಡುವವಳಲ್ಲ.

ಅಪ್ಪ ತೀರಿಹೋದ ಮೇಲೆ ಅಮ್ಮ ಮತ್ತು ಮಗಳು ಸುಳ್ಯದ ಕಡೆಯಿಂದ ಇಲ್ಲಿಗೆ ಬಂದಿದ್ದರು. ಆಸ್ಪತ್ರೆಯ ಹಿಂದೆ ಅವರಿಗೆ ಒಂದು ಕೋಣೆ. ಅಲ್ಲಿ ಅವರಿಬ್ಬರ ಮಾತು ಸುಳ್ಯದ ಕಡೆಯ ಅರೆಭಾಷೆ. ಶಾಲೆಯಲ್ಲಿ ಆಟದ ಹೊತ್ತಿಗೆ ಎಲ್ಲರದೂ ತುಳು. ಶೀಲಾವತಿಗೆ ತುಳು ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆಯುವಷ್ಟರಲ್ಲಿ ಆಟವೇ ಮುಗಿದಿರುತ್ತಿತ್ತು. ಐದನೇ ಕ್ಲಾಸಿಗೆ ಸೇರಿದ ವಾರದಲ್ಲೇ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು, “ಟೀಚರ್, ಇವಳಿಗೆ ಫಿನಾಯಿಲ್ ವಾಸನೆ ಬರ್ತದೆ” ಎಂದು ಬೇರೆ ಕಡೆ ಹೋಗಿ ಕುಳಿತಿದ್ದಳು. ಅಂದಿನಿಂದ ಇಡೀ ಬೆಂಚು ಶೀಲಾವತಿಯದೇ.

ಶಾಲೆ ಬಿಟ್ಟ ಮೇಲೆ ಹಂಡೆಯ ಪಕ್ಕ ಅವಳ ಜಾಗ. “ಇಲ್ಲಿಂದ ಆಚೆ ಬರಬಾರ್ದು. ಕಿಟಕಿ ಹತ್ತಿರ ಅಂತೂ ಬರ್ಲೇಬಾರ್ದು” ಎಂದು ಅಮ್ಮ ಹೇಳಿದ್ದಳು. ಹೋಗುವವರು, ಬರುವವರು, ಕಾಯುವವರು ಎಲ್ಲರೂ ಅವಳ ಮುಂದೆಯೇ ನಡೆಯುತ್ತಿದ್ದರು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ನೀರು ಕುಡಿಯಲು ಬಂದವರು ಕೂಡ ಹಂಡೆಯನ್ನು ನೋಡುತ್ತಿದ್ದರೇ ಹೊರತು ಅವಳನ್ನಲ್ಲ.

ಹೀಗಿರುವಾಗ ಒಂದು ಸೋಮವಾರ ವಸುಮತಿ ಬಂದಳು.

ಬೆಟ್ಟಂಪಾಡಿಯ ಅಡಿಕೆ ತೋಟದ ಮನೆಯವರು. ಅವಳ ಅಮ್ಮ ದೇವಕಿಗೆ ದಿನ ತುಂಬಿತ್ತು. ಊರಲ್ಲಿ ಅಡಿಕೆ ಕೊಯ್ಲಾದ್ದರಿಂದ ಅಪ್ಪ ಬಂದಿರಲಿಲ್ಲ. ಜೊತೆಗೆ ಬಂದವರು ಅಜ್ಜಿ. ಅಜ್ಜಿಯ ಹಿಂದೆ ಒಂದು ಪಾತ್ರೆಯ ಗೋಣಿ, ಗೋಣಿಯ ಹಿಂದೆ ಎರಡು ಜಡೆಯ ವಸುಮತಿ.

ಅವಳು ಆಸ್ಪತ್ರೆಯನ್ನೆಲ್ಲ ಒಂದು ಸುತ್ತು ತಿರುಗಿ ಬಂದು ಹಂಡೆಯ ಮುಂದೆ ನಿಂತಳು.

“ನಿನಗೆಂತ ಕಾಯಿಲೆ?”

“ನನಗೆಂತ ಇಲ್ಲ. ನನ್ನ ಅಮ್ಮ ಇಲ್ಲಿ ಆಯಾ.”

“ಹಾಗಾದ್ರೆ ನೀನು ದಿನಾ ಇಲ್ಲೇ ಕೂತ್ಕೊಳ್ಳುದಾ?”

“ಹೌದು.”

“ಒಬ್ಬಳೇ?”

“ಹೌದು.”

“ಉದಾಸೀನ ಆಗುದಿಲ್ವಾ ಮಾರಾಯ್ತಿ? ಹೊತ್ತು ಹೋಗ್ತದಾ?”

ಇಂಥದೊಂದು ಪ್ರಶ್ನೆಯನ್ನು ಶೀಲಾವತಿಯ ಹತ್ತಿರ ಯಾರೂ ಕೇಳಿರಲಿಲ್ಲ. ಅವಳು ಸ್ವಲ್ಪ ಸರಿದು ಕುಳಿತಳು. ವಸುಮತಿ ಆ ಜಾಗದಲ್ಲಿ ಕುಳಿತೇಬಿಟ್ಟಳು. ಮೂಗು ಮುಚ್ಚಿಕೊಳ್ಳಲಿಲ್ಲ.

ಮೂರು ದಿನ ಇಬ್ಬರೂ ಅಂಗಳದಲ್ಲಿ ಹೆಕ್ಕಿದ ಐದು ಕಲ್ಲು ಇಟ್ಟುಕೊಂಡು ಕಲ್ಲಾಟ ಆಡಿದರು. ಶಾಲೆಯ ಗಂಟೆ ಹೊಡೆದರೆ ಸಾಕು, ಶೀಲಾವತಿ ಓಡಿ ಬರುತ್ತಿದ್ದಳು. ಯಾರೋ ತನಗಾಗಿ ಕಾಯುತ್ತಿದ್ದಾರೆ ಎಂದುಕೊಂಡು ಓಡುವುದು ಅವಳಿಗೆ ಹೊಸತು.

“ನಾವು ಈಗಲೇ ಮೂರು ಹುಡುಗಿಯರು” ಎಂದಳು ವಸುಮತಿ, ಕಲ್ಲು ಮೇಲೆ ಹಾರಿಸುತ್ತಾ. “ಇದು ಗಂಡೇ ಆಗ್ಬೇಕು ಅಂತ ಅಜ್ಜಿ ಹರಕೆ ಹೇಳಿದ್ದಾರೆ. ಹೆಣ್ಣಾದ್ರೆ ಅಜ್ಜಿ ಅಮ್ಮನ ಹತ್ರ ಮಾತಾಡುದಿಲ್ಲ.”

“ಎಷ್ಟು ದಿನ ಮಾತಾಡುದಿಲ್ಲ?”

“ಸಣ್ಣ ತಂಗಿ ಹುಟ್ಟಿದಾಗ ಹದಿನೈದು ದಿನ.”

ಹದಿನೈದು ದಿನ ಯಾರೂ ಮಾತಾಡಿಸದಿದ್ದರೆ ಹೇಗಿರುತ್ತದೆ ಎಂದು ಶೀಲಾವತಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಗಂಡೇ ಆಗ್ತದೆ, ನೋಡು” ಎಂದಳು.

ಗುರುವಾರ ಶಾಲೆ ಬಿಟ್ಟು ಬಂದಾಗ ವರಾಂಡದಲ್ಲಿ ಕಲ್ಲಾಟವಿರಲಿಲ್ಲ. ವಸುಮತಿ ಅಜ್ಜಿಗೆ ಅಂಟಿಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಮಧ್ಯಾಹ್ನವೇ ಅವಳ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿದ್ದರಂತೆ. ಅಜ್ಜಿಯ ತುಟಿ ಅಲುಗುತ್ತಲೇ ಇತ್ತು, ದೇವರ ಹೆಸರು ಹೇಳುತ್ತಿದ್ದರೋ ಏನೋ. ಪೂವಮ್ಮನೂ ಒಳಗೆ, ದುಗ್ಗಮ್ಮನೂ ಒಳಗೆ. ಯಾವಾಗಲೂ ಒಬ್ಬರೇ ಒಳಗಿರುವುದು. ಇವತ್ತು ಇಬ್ಬರೂ ಯಾಕೆ ಎಂದು ಶೀಲಾವತಿ ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಕತೆ ಇಷ್ಟಕ್ಕೇ ಮುಗಿಯುತ್ತಿತ್ತು.

ಅವಳಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಮೆಲ್ಲಗೆ ಎದ್ದು ಕಟ್ಟಡದ ಹಿಂದೆ ಹೋದಳು. ಹೆರಿಗೆ ಕೋಣೆಯ ಕಿಟಕಿ ಎತ್ತರದಲ್ಲಿತ್ತು, ಅದರ ಗಾಜಿಗೆ ಹಸಿರು ಬಣ್ಣ ಬಳಿದಿದ್ದರು. ಏನೂ ಕಾಣುವ ಹಾಗಿಲ್ಲ. ಅವಳು ಗೋಡೆಗೆ ಕಿವಿಯಿಟ್ಟು ನಿಂತಳು.

ಒಳಗೆ ಪಾತ್ರೆಗಳ ಸದ್ದು. ಯಾರೋ ನರಳಿದರು. ಆಮೇಲೆ ಒಂದು ಮಗು ಗಂಟಲು ಕಿತ್ತುಹೋಗುವ ಹಾಗೆ ಅತ್ತಿತು.

“ಗಂಡು. ಟೈಮ್ ಬರ್ಕೊ” ಎಂದರು ಡಾಕ್ಟರಮ್ಮ.

ಶೀಲಾವತಿ ಗೋಡೆಯಿಂದ ಕಿವಿ ತೆಗೆದಳು. ಇನ್ನು ಮಗುವನ್ನು ಮೀಯಿಸಬೇಕು, ಒರೆಸಬೇಕು, ಬಟ್ಟೆ ಸುತ್ತಬೇಕು. ಅಷ್ಟು ಹೊತ್ತು ಈ ಸುದ್ದಿ ಹೊರಗಿನವರಲ್ಲಿ ಅವಳೊಬ್ಬಳಿಗೇ ಗೊತ್ತು. ಇನಾಮಿನ ನೆನಪೇ ಅವಳಿಗೆ ಆಗಲಿಲ್ಲ. ಎದ್ದು ನಿಲ್ಲುವ ಜನರು ನೆನಪಾದರು. ಬಾಗಿಲಿನಿಂದ ಬರುವವರನ್ನು ಅವರು ನೋಡುವ ಆ ನೋಟ ನೆನಪಾಯಿತು. ಒಂದೇ ಒಂದು ಸಲ ತನ್ನನ್ನು ಯಾರಾದರೂ ಹಾಗೆ ನೋಡಿದರೆ?

ಅವಳು ಓಡಿದಳು.

ಬೆಂಚಿನ ಮುಂದೆ ನಿಂತಾಗ ಅಜ್ಜಿ ತಲೆ ಎತ್ತಿದರು. ವಸುಮತಿ ಎದ್ದು ನಿಂತಳು.

“ಗಂಡು” ಎಂದಳು ಶೀಲಾವತಿ.

ಅಜ್ಜಿ ಎದ್ದ ರಭಸಕ್ಕೆ ಬೆಂಚು ಹಿಂದೆ ಸರಿಯಿತು. “ಎಂತ ಹೇಳಿದೆ? ಇನ್ನೊಮ್ಮೆ ಹೇಳು ಮಗಳೇ.”

“ಗಂಡು ಮಗು, ಅಜ್ಜಿ. ಡಾಕ್ಟರಮ್ಮ ಹೇಳಿದ್ರು.”

ಅಜ್ಜಿ ಅವಳನ್ನು ಬಾಚಿ ತಬ್ಬಿಕೊಂಡರು. “ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು” ಎನ್ನುತ್ತಾ ಅಳತೊಡಗಿದರು. ಅಳುತ್ತಲೇ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ನೋಟನ್ನು ಅವಳ ಕೈಯಲ್ಲಿ ತುರುಕಿದರು. ವಸುಮತಿ ಇನ್ನೊಂದು ಕೈ ಹಿಡಿದು ಅವಳನ್ನು ಗಿರಗಿರನೆ ತಿರುಗಿಸಿದಳು. ನೀರು ಕುಡಿಯಲು ಬಂದಿದ್ದ ಯಾರೋ ನಿಂತು ನೋಡಿ ನಕ್ಕರು. ಶೀಲಾವತಿಯೂ ನಕ್ಕಳು. ಇಷ್ಟು ಜನ ಒಟ್ಟಿಗೆ ತನ್ನನ್ನೇ ನೋಡುತ್ತಿರುವುದು ಅವಳಿಗೆ ನಂಬಲಿಕ್ಕೇ ಆಗಲಿಲ್ಲ.

ಆ ಸಂತೋಷ ಇದ್ದದ್ದು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು.

ಬಾಗಿಲು ತೆರೆಯಿತು. ಬಿಳಿ ಗಂಟು ಹಿಡಿದುಕೊಂಡು ಅಮ್ಮ ಬಂದಳು. ಅಜ್ಜಿ ಎರಡು ಹೆಜ್ಜೆ ಮುಂದೆ ಹೋದರು.

“ಹೆಣ್ಣು ಮಗು, ಅಮ್ಮ” ಎಂದಳು ಪೂವಮ್ಮ. “ಬಾಣಂತಿ, ಮಗು ಇಬ್ಬರೂ ಸೌಖ್ಯ.”

ಅಜ್ಜಿ ಚಾಚಿದ್ದ ಕೈ ಅಲ್ಲಿಯೇ ನಿಂತಿತು.

“ಎಂತ ಹೇಳಿದ್ದು ನೀನು?”

“ಹೆಣ್ಣು ಮಗು.”

“ಹೆಣ್ಣು ಹೇಗೆ ಆಗ್ತದೆ? ಈಗ ಗಂಡು ಅಂತ ಹೇಳಿ ಆಯ್ತಲ್ಲ.”

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವಳ ಹಿಂದಿನಿಂದ ದುಗ್ಗಮ್ಮ ಬಂದಳು. ಅವಳ ಕೈಯಲ್ಲೂ ಒಂದು ಬಿಳಿ ಗಂಟು.

“ಪೋಕರ್ ಬ್ಯಾರಿಗಳು ಎಲ್ಲಿ? ಗಂಡು ಮಗು, ಅವರು ಎಲ್ಲಿ ಹೋದ್ರು?”

ಒಳಗೆ ಎರಡು ಹೆರಿಗೆ ಎಂದು ಶೀಲಾವತಿಗೆ ಗೊತ್ತಾದದ್ದೇ ಆಗ. ಅವಳು ಶಾಲೆಯಲ್ಲಿದ್ದಾಗ, ಎರಡು ಗಂಟೆಯ ಬಸ್ಸಿನಲ್ಲಿ ಉಪ್ಪಿನಂಗಡಿಯಿಂದ ಇನ್ನೊಬ್ಬರು ಬಂದಿದ್ದರು. ಹೆಸರು ಝೈನಬ. ಗಂಡ ಪೋಕರ್ ಬ್ಯಾರಿ, ಅಲ್ಲಿಯ ಹೊಳೆಯಲ್ಲಿ ದೋಣಿ ನಡೆಸುವವನು. ಕಾದು ಕಾದು ಸಾಕಾಗಿ ಅವನು ಚಾ ಕುಡಿಯಲು ಹೋಗಿದ್ದ. ಡಾಕ್ಟರಮ್ಮ ಗಂಡು ಎಂದದ್ದು ಝೈನಬಳ ಮಗುವನ್ನು; ದೇವಕಿಯ ಮಗು ಅದಕ್ಕೆ ತುಸು ಮೊದಲೇ ಹುಟ್ಟಿತ್ತು.

ಅಜ್ಜಿ ಒಂದು ಗಂಟನ್ನು ನೋಡಿದರು, ಇನ್ನೊಂದು ಗಂಟನ್ನು ನೋಡಿದರು. ಅವರ ಮುಖ ಕೆಂಪಾಯಿತು.

“ಮಗು ಅದಲು ಬದಲು ಮಾಡಿದ್ದೀರಿ” ಎಂದರು.

“ಅಯ್ಯೋ, ಎಂತ ಮಾತು ಅಮ್ಮ ಇದು?” ಎಂದಳು ದುಗ್ಗಮ್ಮ.

“ಮತ್ತೆಂತ? ಇವಳ ಮಗಳೇ ಬಂದು ಹೇಳಿದ್ದು, ಗಂಡು ಅಂತ. ಡಾಕ್ಟರಮ್ಮ ಹೇಳಿದ್ದಂತೆ. ಈಗ ನನ್ನ ಕೈಗೆ ಹೆಣ್ಣು ಕೊಡ್ತೀರಾ?”

ಪೋಕರ್ ಬ್ಯಾರಿ ಮೆಟ್ಟಿಲು ಹತ್ತಿ ಬರುತ್ತಿದ್ದವನು ಕೊನೆಯ ಮಾತು ಕೇಳಿದ. ಅವನು ಯಾರ ಹತ್ತಿರವೂ ಏನೂ ಕೇಳಲಿಲ್ಲ. ದುಗ್ಗಮ್ಮನ ಕೈಯಿಂದ ಮಗುವನ್ನು ತೆಗೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ. “ನನ್ನ ಮಗುವನ್ನು ನಾನು ಯಾರಿಗೂ ಕೊಡುದಿಲ್ಲ” ಎಂದ.

ವಾರ್ಡಿನಿಂದ ಜನ ಇಣುಕಿದರು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

“ಎಂತ ಗಲಾಟೆ ಇದು? ಎರಡು ಮಗುವೂ ನನ್ನ ಕೈಯಲ್ಲೇ ಹುಟ್ಟಿದ್ದು. ದೇವಕಿಯಮ್ಮನಿಗೆ ನಾನೇ ತೋರಿಸಿದ್ದೇನೆ, ಹೆಣ್ಣು ಅಂತ. ಬೇಕಾದ್ರೆ ಒಳಗೆ ಹೋಗಿ ಅವರ ಹತ್ರವೇ ಕೇಳಿ.”

“ಹಾಗಾದ್ರೆ ಇವಳು ಸುಳ್ಳು ಹೇಳಿದ್ದಾ?” ಅಜ್ಜಿಯ ಬೆರಳು ಶೀಲಾವತಿಯ ಕಡೆ ತಿರುಗಿತು. “ಐದು ರೂಪಾಯಿಗೆ ಬೇಕಾಗಿ? ಇಷ್ಟು ಸಣ್ಣ ಹುಡುಗಿಗೆ ಇದೆಲ್ಲ ಯಾರು ಹೇಳಿಕೊಟ್ಟದ್ದು?”

ಹೇಳುತ್ತಾ ಅವರು ನೋಡಿದ್ದು ಪೂವಮ್ಮನನ್ನು.

ಅಮ್ಮ ಮಗುವನ್ನು ಹಿಡಿದುಕೊಂಡೇ ನಿಂತಿದ್ದಳು. ಅವಳು ಶೀಲಾವತಿಯ ಮುಷ್ಟಿಯನ್ನು ನೋಡಿದಳು. ಮುಷ್ಟಿಯಿಂದ ಹೊರಗೆ ಇಣುಕುತ್ತಿದ್ದ ನೋಟನ್ನು ನೋಡಿದಳು.

“ನೀನು ಕಣ್ಣಾರೆ ನೋಡಿದ್ಯಾ?” ಎಂದು ಕೇಳಿದಳು. ಧ್ವನಿ ಜೋರಾಗಿರಲಿಲ್ಲ.

ಎಲ್ಲರೂ ಶೀಲಾವತಿಯನ್ನೇ ನೋಡುತ್ತಿದ್ದರು. ಅಜ್ಜಿ, ವಸುಮತಿ, ದುಗ್ಗಮ್ಮ, ಡಾಕ್ಟರಮ್ಮ, ಗೋಡೆಗೆ ಒರಗಿದ ಪೋಕರ್ ಬ್ಯಾರಿ. ಎಲ್ಲಾದರೂ ಓಡಿಹೋಗಿ ಬಿಡಬೇಕು ಎನಿಸಿತು ಅವಳಿಗೆ. ಸುಮ್ಮನಿದ್ದರೆ ಅಮ್ಮ ಕಳ್ಳಿಯಾಗುತ್ತಾಳೆ. ನಾಳೆ ಆ ಹಿಂದಿನ ಕೋಣೆಯೂ ಇಲ್ಲ, ಈ ಊರೂ ಇಲ್ಲ.

“ನೋಡ್ಲಿಲ್ಲ” ಎಂದಳು ಕೊನೆಗೆ. “ಕಿಟಕಿ ಹತ್ರ ನಿಂತು ಕೇಳಿದ್ದು. ಇನ್ನೊಬ್ಬರು ಒಳಗಿದ್ದಾರೆ ಅಂತ ನನಗೆ ಗೊತ್ತಿರ್ಲಿಲ್ಲ. ಅಮ್ಮ ಕಳಿಸಿದ್ದಲ್ಲ. ಕಿಟಕಿ ಹತ್ರ ಹೋಗ್ಬೇಡ ಅಂತ ಅಮ್ಮ ಹೇಳಿದ್ರು.”

“ಮತ್ತೆ ಓಡಿ ಬಂದು ಹೇಳಿದ್ದು ಯಾಕೆ?” ಎಂದು ಕೇಳಿದರು ಡಾಕ್ಟರಮ್ಮ.

ಶೀಲಾವತಿ ನೆಲ ನೋಡಿದಳು.

“ಮಗು ತಂದವರನ್ನು ಎಲ್ಲರೂ ಎದ್ದು ನಿಂತು ನೋಡ್ತಾರಲ್ಲ. ಹಾಗೆ ನನ್ನನ್ನು ಸಹ ನೋಡ್ಲಿ ಅಂತ.”

ಪೋಕರ್ ಬ್ಯಾರಿ ಮಗುವಿನ ಬಟ್ಟೆ ಸರಿಮಾಡಿದ. ಅಜ್ಜಿಯ ಬೆರಳು ಕೆಳಗೆ ಇಳಿಯಿತು, ಸಂಶಯವೂ ಇಳಿಯಿತು ಎಂದು ಕಾಣುತ್ತದೆ. ಆದರೆ ಸಂಶಯ ಹೋದ ಜಾಗಕ್ಕೆ ಸಂತೋಷವೇನೂ ಬರಲಿಲ್ಲ. ಅವರು ಬೆಂಚಿನ ಮೇಲೆ ಕುಸಿದು ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡರು. ವಸುಮತಿ ಅವರ ಪಕ್ಕ ಕುಳಿತಳು. ಗೆಳತಿಯ ಕಡೆ ಒಮ್ಮೆಯೂ ತಿರುಗಲಿಲ್ಲ.

“ಪೂವಮ್ಮ,” ಎಂದರು ಡಾಕ್ಟರಮ್ಮ, “ಇನ್ನು ಮಗು ಹೊರಗೆ ತರುದು ದುಗ್ಗಮ್ಮ ಮಾತ್ರ. ನೀನು ಒಳಗಿನ ಕೆಲಸ ನೋಡ್ಕೊ. ಸಂಬಳ ಬರ್ತದೆ.”

ಸಂಬಳ ಬರುತ್ತದೆ ಎಂದರೆ ಇನಾಮು ಬರುವುದಿಲ್ಲ ಎಂದರ್ಥ. ಅಕ್ಕಿಗೆ ಸಂಬಳ ಸಾಕು. ಎಣ್ಣೆ, ಸೋಪು, ಶೀಲಾವತಿಯ ಪುಸ್ತಕ ಎಲ್ಲ ಇನಾಮಿನಲ್ಲೇ ನಡೆಯುತ್ತಿದ್ದದ್ದು.

“ಆಯ್ತು” ಎಂದಳು ಅಮ್ಮ. ಮಗುವನ್ನು ಒಳಗೆ ತೆಗೆದುಕೊಂಡು ಹೋದಳು.

ಸಂಜೆ ಗಂಜಿ ಉಣ್ಣುವಾಗ ಶೀಲಾವತಿ ಬೈಗುಳಕ್ಕಾಗಿ ಕಾದಳು. ಒಂದು ಪೆಟ್ಟು ಬಿದ್ದರೂ ಆಗುತ್ತಿತ್ತು. ಅಮ್ಮ ಚಟ್ನಿ ಬಡಿಸಿದಳು, ನೀರು ಕೊಟ್ಟಳು, ಅಷ್ಟೇ. ಕೊನೆಗೆ ಶೀಲಾವತಿಯೇ ತಡೆಯಲಾರದೆ ಕೇಳಿದಳು.

“ಇನ್ನು ನಿನಗೆ ಇನಾಮು ಸಿಕ್ಕುದೇ ಇಲ್ವಾ ಅಮ್ಮ?”

“ಇನಾಮು ಹೋದ್ರೆ ಹೋಯ್ತು” ಎಂದಳು ಅಮ್ಮ. ಬಟ್ಟಲನ್ನು ನೆಲದ ಮೇಲಿಟ್ಟಳು. “ಅಷ್ಟು ಹೊತ್ತು ಆ ಮಗು ನನ್ನ ಕೈಯಲ್ಲೇ ಇತ್ತು. ಹುಟ್ಟಿ ಅರ್ಧ ಗಂಟೆ ಆಗಿರ್ಲಿಲ್ಲ. ಅಷ್ಟು ಜನ ಇದ್ರಲ್ಲ, ಅದರ ಮುಖ ನೋಡಿದವರು ಒಬ್ಬರಾದ್ರೂ ಇದ್ರಾ?”

ಶೀಲಾವತಿ ನೆನಪು ಮಾಡಿಕೊಂಡಳು. ಅಜ್ಜಿ ನೋಡಿರಲಿಲ್ಲ. ವಸುಮತಿ ನೋಡಿರಲಿಲ್ಲ. ತಾನೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನೋಟನ್ನು ಹಿಡಿದುಕೊಂಡು ಬೆಂಚಿನ ಹತ್ತಿರ ಹೋದಳು. ಅಜ್ಜಿ ತಲೆ ಎತ್ತದೆ, “ಅಲ್ಲಿಡು” ಎಂದರು. ಅವಳು ಬೆಂಚಿನ ಮೇಲಿಟ್ಟಳು. ವಸುಮತಿ ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಆಮೇಲಿನ ದಿನಗಳು ಹೇಗೆ ಕಳೆದವೋ. ಹಂಡೆಯ ಪಕ್ಕ ಶೀಲಾವತಿ, ಬೆಂಚಿನ ಮೇಲೆ ವಸುಮತಿ. ನಡುವೆ ಹತ್ತು ಹೆಜ್ಜೆ ವರಾಂಡ. ಕಲ್ಲುಗಳು ಹಂಡೆಯ ಅಡಿಗೇ ಬಿದ್ದಿದ್ದವು. ಒಬ್ಬಳೇ ಆಡಿ ನೋಡಿದಳು, ಆಗಲಿಲ್ಲ. ಮೊದಲು ಒಬ್ಬಳೇ ಇದ್ದಾಗ ಇಷ್ಟು ಕಷ್ಟವಾಗುತ್ತಿರಲಿಲ್ಲ. ಈಗ ಸಂಜೆಯಾಗುವುದೇ ಇಲ್ಲ ಎನಿಸುತ್ತಿತ್ತು.

ಒಳಗೆ ಅಜ್ಜಿ ಸೊಸೆಯ ಹತ್ತಿರ ಮಾತಾಡುತ್ತಿರಲಿಲ್ಲ. ಕಷಾಯ ಮಾಡಿ ವಸುಮತಿಯ ಕೈಯಲ್ಲಿ ಕಳಿಸುತ್ತಿದ್ದರು.

ಒಂದು ದಿನ ದುಗ್ಗಮ್ಮ ಕೋಣೆಗೆ ಬಂದು, “ಇವತ್ತು ಎರಡು ಗಂಡು. ನನಗೊಬ್ಬಳಿಗೇ ಎಂತಕ್ಕೆ ಇಷ್ಟು?” ಎಂದು ಮೂರು ರೂಪಾಯಿ ಇಟ್ಟು ಹೋದಳು. ಅಮ್ಮ ಬೇಡ ಎನ್ನಲಿಲ್ಲ. ಎಣ್ಣೆ ಮುಗಿದು ಎರಡು ದಿನವಾಗಿತ್ತು.

ಹನ್ನೊಂದನೆಯ ದಿನ ಭಾನುವಾರ. ಬೆಟ್ಟಂಪಾಡಿಯವರನ್ನು ಕರೆದೊಯ್ಯಲು ಬಾಡಿಗೆ ಕಾರು ಬಂತು.

ಶೀಲಾವತಿ ಕಂಬದ ಹಿಂದೆ ನಿಂತು ನೋಡಿದಳು. ಅಜ್ಜಿ ಮೊದಲೇ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತರು. ಡ್ರೈವರು ಗೋಣಿಗಳನ್ನು ಕಟ್ಟುತ್ತಿದ್ದ. ವಸುಮತಿಯ ಎರಡು ಕೈಯಲ್ಲೂ ಪಾತ್ರೆ. ಹಾಸಿಗೆಯ ಸುರುಳಿ ತಂದಿಟ್ಟ ದುಗ್ಗಮ್ಮನಿಗೆ ಅಜ್ಜಿ ಎಂಟಾಣೆ ಕೊಟ್ಟರು. ಅವಳು ಅದನ್ನು ಹಣೆಗೆ ಮುಟ್ಟಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಡಾಕ್ಟರಮ್ಮ ಕರೆದರು, ದುಗ್ಗಮ್ಮ ಓಡಿದಳು.

ದೇವಕಿ ಮಗುವನ್ನು ಎತ್ತಿಕೊಂಡು ಮೆಲ್ಲಮೆಲ್ಲಗೆ ಬಂದರು. ಬಿಳಿಚಿಹೋಗಿದ್ದರು. ಮೆಟ್ಟಿಲ ಹತ್ತಿರ ನಿಂತು ಗೋಡೆ ಹಿಡಿದುಕೊಂಡರು. ಸುತ್ತ ನೋಡಿದರು. ಕಂಬದ ಹಿಂದಿನ ಲಂಗ ಕಣ್ಣಿಗೆ ಬಿತ್ತು.

“ಶೀಲಾ ಅಲ್ವಾ ನೀನು? ಇಲ್ಲಿ ಬಾ.”

ಶೀಲಾವತಿ ಬಂದಳು. ಇವರೂ ಬೈಯುತ್ತಾರೆ ಎಂದುಕೊಂಡೇ ಬಂದಳು.

“ಸೊಂಟ ನೆಟ್ಟಗೆ ನಿಲ್ಲುದಿಲ್ಲ ನನಗೆ. ಮೆಟ್ಟಿಲು ಇಳಿಲಿಕ್ಕೆ ಗೋಡೆ ಹಿಡೀಬೇಕು. ಕಾರಿನವರೆಗೆ ಇವಳನ್ನು ಹಿಡ್ಕೊಳ್ತೀಯಾ?”

“ನಾನಾ?”

“ಆಯಾನ ಮಗಳಲ್ವಾ? ನಿನಗೆ ಗೊತ್ತಿರ್ತದೆ.”

ಶೀಲಾವತಿ ಈವರೆಗೆ ಒಂದು ಮಗುವನ್ನೂ ಮುಟ್ಟಿದವಳಲ್ಲ. ಆದರೂ ಎರಡು ಕೈ ಚಾಚಿದಳು. ಬಟ್ಟೆಯ ಗಂಟು ಅವಳ ತೋಳಿಗೆ ಬಂತು. ಇಷ್ಟು ಬಿಸಿಯಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ಮೆಟ್ಟಿಲು. ಇನ್ನೊಂದು ಮೆಟ್ಟಿಲು. ಡ್ರೈವರು ಹಗ್ಗ ಬಿಟ್ಟು ನೋಡಿದ. ವಸುಮತಿ ನೋಡಿದಳು. ಬೆಂಚಿನಲ್ಲಿ ಕಾಯುತ್ತಿದ್ದ ಹೊಸಬರು ಎದ್ದು ನಿಂತು ನೋಡಿದರು. ಶೀಲಾವತಿಗೆ ಅವರು ಯಾರೂ ಕಾಣಲಿಲ್ಲ. ಅವಳು ಮಗುವನ್ನು ನೋಡುತ್ತಿದ್ದಳು. ಹುಬ್ಬು ಇನ್ನೂ ಸರಿಯಾಗಿ ಬಂದಿರಲಿಲ್ಲ. ಎಡಗೆನ್ನೆಯಲ್ಲಿ ಸಾಸಿವೆಯಷ್ಟು ಕೆಂಪು ಮಚ್ಚೆ. ತುಟಿ ಹಾಲು ಕುಡಿಯುವ ಹಾಗೆ ಸುಮ್ಮಸುಮ್ಮನೆ ಅಲುಗುತ್ತಿತ್ತು. ಬಿಸಿಲು ತಾಗಿದ ಕೂಡಲೇ ಹಣೆ ಸುಕ್ಕು ಮಾಡಿತು. ಶೀಲಾವತಿ ಬಗ್ಗಿ ತನ್ನ ತಲೆಯ ನೆರಳು ಅದರ ಮುಖಕ್ಕೆ ಬೀಳುವ ಹಾಗೆ ಮಾಡಿದಳು. ಮಗು ಕಣ್ಣು ಬಿಟ್ಟಿತು. ಹನ್ನೊಂದು ದಿನದ ಮಗುವಿಗೆ ಏನು ಕಾಣುತ್ತದೆಯೋ, ಅದು ಅವಳನ್ನು ನೋಡುತ್ತಲೇ ಇತ್ತು.

ಕಾರಿನ ಬಾಗಿಲು ಬಂತು. ದೇವಕಿ ಇನ್ನೂ ಮೆಟ್ಟಿಲಲ್ಲಿದ್ದರು. ಒಳಗೆ ಅಜ್ಜಿ ಒಬ್ಬರೇ.

ಅಜ್ಜಿಯ ಕೈ ಅಭ್ಯಾಸಬಲದಿಂದ ಸೆರಗಿನ ಗಂಟಿಗೆ ಹೋಯಿತು.

“ಅದು ಬೇಡ ಅಜ್ಜಿ” ಎಂದಳು ಶೀಲಾವತಿ. “ಎರಡು ಕೈಯಲ್ಲೂ ಹಿಡ್ಕೊಳ್ಳಿ. ತಲೆ ಅಡಿಗೆ ಒಂದು ಕೈ ಇಡ್ಬೇಕು.”

ಅಜ್ಜಿ ಅವಳನ್ನು ನೋಡಿದರು. ಗಂಟು ಬಿಟ್ಟರು. ಎರಡು ಕೈ ಚಾಚಿ ಮಗುವನ್ನು ತೆಗೆದುಕೊಂಡರು. ತೆಗೆದುಕೊಳ್ಳುವಾಗ ಬಗ್ಗಲೇಬೇಕಾಯಿತು, ಬಗ್ಗಿದಾಗ ನೋಡಲೇಬೇಕಾಯಿತು. ಬಹಳ ಹೊತ್ತಾದರೂ ತಲೆ ಎತ್ತಲಿಲ್ಲ.

ವಸುಮತಿ ಪಾತ್ರೆಗಳೊಂದಿಗೆ ಆಚೆ ಬಾಗಿಲಿನಿಂದ ಹತ್ತಿ ಕುಳಿತಳು. ದೇವಕಿಯೂ ಬಂದು ಕುಳಿತು ಕಾರು ಹೊರಡುವಾಗ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ನಿನ್ನ ಕೈಯಲ್ಲಿದ್ದಾಗ ಕಣ್ಣು ಬಿಟ್ಟಳಾ?” ಎಂದು ಕೇಳಿದಳು.

“ಬಿಟ್ಟಳು.”

ಕಾರು ಪೇಟೆಯ ತಿರುವಿನಲ್ಲಿ ಮರೆಯಾಯಿತು. ಅಂಗಳದಲ್ಲಿ ಶೀಲಾವತಿ ಒಬ್ಬಳೇ ಉಳಿದಳು. ಅವಳ ತೋಳುಗಳು ಸ್ವಲ್ಪ ಹೊತ್ತು ಮಗುವನ್ನು ಹಿಡಿದ ಹಾಗೆಯೇ ಇದ್ದವು. ಆಮೇಲೆ ಅವಳು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ, ಅಮ್ಮ ಇದ್ದಲ್ಲಿಗೆ ಹೋದಳು.